ಕಳ್ಳ ಸೀಸೆ

ದಿನಕ್ಕೆ ನಲವತ್ತು ಸೀಸೆ ನೀರು ನನ್ನ ಮೇಜಿನ ಮೇಲೆ ಹಾದುಹೋಗುತ್ತದೆ. ಒಂದೊಂದೂ ಒಂದು ಲೀಟರಿನದು. ಬಾವಿ ನೀರು, ನಲ್ಲಿ ನೀರು, ಆಸ್ಪತ್ರೆಯ ತೊಟ್ಟಿಯ ನೀರು, ಶಾಲೆಯ ತೊಟ್ಟಿಯ ನೀರು. ಗಡಸುತನ ಎಷ್ಟು, ಕ್ಲೋರಿನ್ ಎಷ್ಟು, ಕುಡಿಯಲು ಯೋಗ್ಯವೋ ಅಲ್ಲವೋ, ಪರೀಕ್ಷಿಸಿ ಬರೆದು ಕೆಳಗೆ ಸಹಿ ಹಾಕುವವಳು ನಾನು. ರಸಾಯನ ವಿಭಾಗದಲ್ಲಿ ಸಹಿಯ ಅಧಿಕಾರ ಇರುವುದು ನನಗೊಬ್ಬಳಿಗೇ. ನನ್ನ ಸಹಿಯಿಲ್ಲದೆ ಒಂದು ವರದಿಯೂ ಈ ಪ್ರಯೋಗಾಲಯದಿಂದ ಹೊರಗೆ ಹೋಗುವಂತಿಲ್ಲ.

ನಲವತ್ತು ಲೀಟರ್ ನೀರಿನ ಮುಂದೆ ದಿನವೆಲ್ಲ ಕೂರುತ್ತೇನೆ. ನಾಲ್ಕು ವರ್ಷದಲ್ಲಿ ಆ ಕಟ್ಟಡದೊಳಗೆ ನಾನು ಕುಡಿದ ನೀರನ್ನೆಲ್ಲ ಸೇರಿಸಿದರೆ ಒಂದು ಬಕೆಟ್ ತುಂಬುವುದಿಲ್ಲ.

ಹಠವೇನಲ್ಲ. ಕುಡಿದರೆ ಹೋಗಬೇಕು. ಹೋಗಲು ಜಾಗವಿಲ್ಲ.

ನನ್ನ ಕಾಲುಗಳು ಮೂರನೆಯ ವಯಸ್ಸಿನ ಜ್ವರದಲ್ಲಿ ಹೋದವು. ಹೋದವು ಎಂದರೆ ಇವೆ. ಚಳಿಯಾದರೆ ಗೊತ್ತಾಗುತ್ತದೆ, ಸೊಳ್ಳೆ ಕಚ್ಚಿದರೆ ಗೊತ್ತಾಗುತ್ತದೆ, ನಡೆಯುವುದಿಲ್ಲ ಅಷ್ಟೆ. ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ಮನೆಯಿಂದ ಎರಡು ಕಿಲೋಮೀಟರ್, ಕೈಯಿಂದ ಗಾಲಿ ತಳ್ಳಿಕೊಂಡು ಮೂವತ್ತೈದು ನಿಮಿಷ. ಅಂಗೈ ಚರ್ಮ ಚಪ್ಪಲಿಯ ಅಟ್ಟೆಯ ಹಾಗಾಗಿದೆ. ಅದಕ್ಕೆ ನನ್ನ ದೂರಿಲ್ಲ. ದೂರು ಶುರುವಾಗುವುದು ಕಟ್ಟಡದ ಬಾಗಿಲಲ್ಲಿ.

ಅಲ್ಲಿ ಏಳು ಮೆಟ್ಟಿಲು. ಒಂದೊಂದೂ ಹದಿನಾರು ಸೆಂಟಿಮೀಟರ್. ನಾನೇ ಅಳೆದಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಕಾವಲಿನವನು ಒಂದು ಕಡೆ, ಸೀಸೆ ತರುವ ವ್ಯಾನಿನ ಡ್ರೈವರು ಇನ್ನೊಂದು ಕಡೆ ಹಿಡಿದು ನನ್ನನ್ನು ಕುರ್ಚಿಯ ಸಮೇತ ಎತ್ತುತ್ತಾರೆ. ಸಂಜೆ ಐದೂವರೆಗೆ ಇಳಿಸುತ್ತಾರೆ. ಎತ್ತುವಾಗ ಅವರ ಬೆವರು ನನ್ನ ಭುಜಕ್ಕೆ ತಾಗುತ್ತದೆ. ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಇಬ್ಬರೂ ಒಳ್ಳೆಯವರು. ಒಳ್ಳೆಯವರು ಹೊತ್ತರೂ ಮೂಟೆ ಮೂಟೆಯೇ.

ಒಮ್ಮೆ ಬೀಳಿಸಿದರು. ಐದನೆಯ ಮೆಟ್ಟಿಲಲ್ಲಿ ಡ್ರೈವರಿನ ಕಾಲು ಜಾರಿತು. ನನ್ನ ತೊಡೆಯ ಮೇಲೆ ಹನ್ನೆರಡು ಸೀಸೆಗಳ ಪೆಟ್ಟಿಗೆ ಇತ್ತು. ನಾನು ಒಂದು ಕಡೆ, ಪೆಟ್ಟಿಗೆ ಒಂದು ಕಡೆ. ಸದ್ದು ಕೇಳಿ ಮ್ಯಾನೇಜರು ಹೊರಗೆ ಬಂದರು.

"ಸೀಸೆ ಒಡೀಲಿಲ್ಲ ತಾನೆ?"

ಒಡೆದಿರಲಿಲ್ಲ. ನನ್ನ ಮೊಣಕೈ ಒಡೆದಿತ್ತು.

ಮೇಲೆ ಹೋದ ಮೇಲೆ ನನ್ನ ವಿಭಾಗ ಅಲ್ಲೇ, ಬಾಗಿಲ ಪಕ್ಕದಲ್ಲಿ. ಶೌಚಾಲಯ ಮಾತ್ರ, ಗಂಡಸರದೂ ಹೆಂಗಸರದೂ ಎರಡೂ, ಮೊದಲ ಮಹಡಿಯಲ್ಲಿ. ಇನ್ನೂ ಹತ್ತೊಂಬತ್ತು ಮೆಟ್ಟಿಲು. ಕೆಲಸಕ್ಕೆ ಸೇರಿದ ಮೊದಲ ದಿನ ಕೇಳಿದೆ. ಮ್ಯಾನೇಜರು ಕಿಟಕಿಯ ಕಡೆ ನೋಡಿದರು. "ಏನೋ ಒಂದು ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ. ನೀವು ಬುದ್ಧಿವಂತರು" ಎಂದರು.

ಅಡ್ಜಸ್ಟ್ ಮಾಡಿಕೊಂಡೆ. ನೆಲ ಒರೆಸುವಾಕೆಯನ್ನು ಅಲ್ಲಿ ಎಲ್ಲರೂ ಚಿಕ್ಕಮ್ಮ ಅನ್ನುತ್ತಾರೆ. ಅವಳು ಆಮ್ಲ ಬಂದಿದ್ದ ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಏಳು ಸಲ ತೊಳೆದು, ಬಾಯಿ ಕೊಯ್ದು, ಅಂಚನ್ನು ಮೇಣದಬತ್ತಿಯಲ್ಲಿ ಸುಟ್ಟು ನಯ ಮಾಡಿ ಕೊಟ್ಟಳು. ರಾಸಾಯನಿಕಗಳ ಕೋಣೆಯ ಮೂಲೆಯಲ್ಲಿ, ಎರಡು ಬೀರುಗಳ ನಡುವೆ, ದಿನಕ್ಕೊಂದು ಸಲ. ಚಿಕ್ಕಮ್ಮ ಹೊರಗೆ ಪೊರಕೆ ಹಿಡಿದು ನಿಂತಿರುತ್ತಿದ್ದಳು. "ಬೇಗ ಬೇಗ ತಾಯಿ" ಅನ್ನುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು.

ಒಂದು ದಿನ ಅವಳನ್ನು ಯಾರೋ ಮೇಲಕ್ಕೆ ಕರೆದರು. ಸಾಮಾನು ಕೋಣೆಯ ಗುಮಾಸ್ತ ಬಾಗಿಲು ತಳ್ಳಿದ. ನೋಡಿದ. ಬಾಗಿಲು ಹಾಕಲಿಲ್ಲ. ನೋಡಿದ. ಆಮೇಲೆ "ಓ, ಸಾರಿ ಸಾರಿ" ಎಂದ.

ಮಾರನೆಯ ದಿನ ಆ ಡಬ್ಬಿಗೆ ಯಾರೋ ನಮ್ಮ ಸೀಸೆಗಳಿಗೆ ಅಂಟಿಸುವ ಚೀಟಿಯನ್ನೇ ಅಂಟಿಸಿದ್ದರು. ಮಾದರಿಯ ಸಂಖ್ಯೆ: ಗಾಲಿ ಒಂದು. ಸಂಗ್ರಹಿಸಿದ ವೇಳೆ: ಮಧ್ಯಾಹ್ನ ಒಂದೂ ಹತ್ತು. ವೇಳೆ ಸರಿಯಾಗಿಯೇ ಬರೆದಿದ್ದರು. ನಮ್ಮ ಪ್ರಯೋಗಾಲಯದಲ್ಲಿ ದಾಖಲೆ ಯಾವಾಗಲೂ ಅಚ್ಚುಕಟ್ಟು.

ಅವತ್ತಿನಿಂದ ಡಬ್ಬಿ ಮುಟ್ಟಲಿಲ್ಲ. ನೀರನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಆರಕ್ಕೆ ಅರ್ಧ ಲೋಟ. ಆಮೇಲೆ ಸಂಜೆ ಮನೆ ಮುಟ್ಟಿದ ಮೇಲೆ. ನಡುವೆ ಹನ್ನೆರಡು ಗಂಟೆ. ಅಮ್ಮ ಬೆಳಿಗ್ಗೆ ಒಂದು ಲೀಟರಿನ ಬಾಟಲಿಗೆ ನೀರು ತುಂಬಿ ಕುರ್ಚಿಯ ಹಿಂದಿನ ಚೀಲದಲ್ಲಿ ಇಡುತ್ತಿದ್ದಳು. ಸಂಜೆ ತುಂಬಿದ ಬಾಟಲಿಯೇ ವಾಪಸು. ಅವಳು ಅದನ್ನು ಹೊಸಿಲ ಪಕ್ಕದ ಗಿಡಕ್ಕೆ ಸುರಿಯುತ್ತಿದ್ದಳು. ಯಾಕೆ ಕುಡಿಯಲಿಲ್ಲ ಎಂದು ಕೇಳುತ್ತಿರಲಿಲ್ಲ. ಕೇಳಿದರೆ ನಾನು ಹೇಳಬೇಕಾಗುತ್ತಿತ್ತು. ಗಿಡ ಚೆನ್ನಾಗಿ ಬೆಳೆಯಿತು.

ಕಳೆದ ವರ್ಷ ಜ್ವರ ಬಂತು, ಬೆನ್ನ ಎಡಗಡೆ ಮೊಳೆ ಹೊಡೆದ ಹಾಗೆ ನೋವು. ಹತ್ತು ದಿನ ಆಸ್ಪತ್ರೆ. ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಎಡಗಡೆ ಮೂತ್ರಪಿಂಡ ಅರ್ಧ ಕೆಲಸ ನಿಲ್ಲಿಸಿದೆ. ನೀರು ಕುಡಿಯೋದೇ ಇಲ್ವಾ ನೀವು? ದಿನಕ್ಕೆ ಮೂರು ಲೀಟರ್ ಹೋಗ್ಬೇಕು ಒಳಗೆ. ಇಲ್ಲಾಂದ್ರೆ ಇದು ಪೂರ್ತಿ ಹೋಗತ್ತೆ, ಆಮೇಲೆ ಇನ್ನೊಂದು. ಎಲ್ಲಿ ಕೆಲಸ ನಿಮ್ದು?"

"ನೀರು ಪರೀಕ್ಷೆ ಮಾಡೋ ಕಡೆ."

ಡಾಕ್ಟರು ನಕ್ಕರು. ತಮಾಷೆ ಅಂದುಕೊಂಡರು.

ಲೆಕ್ಕ ಸ್ಪಷ್ಟವಾಗಿತ್ತು. ಕೆಲಸ ಉಳಿಸಿಕೊಂಡರೆ ಮೂತ್ರಪಿಂಡ ಹೋಗುತ್ತದೆ. ಮೂತ್ರಪಿಂಡ ಉಳಿಸಿಕೊಂಡರೆ ಕೆಲಸ ಹೋಗುತ್ತದೆ. ಎರಡೂ ಉಳಿಯಬೇಕಾದರೆ ನನ್ನ ವಿಭಾಗದ ಮಟ್ಟದಲ್ಲಿ ಒಂದು ಶೌಚಾಲಯ ಬೇಕು. ಮೂರು ಅರ್ಜಿ ಬರೆದೆ. ಹನ್ನೊಂದು ತಿಂಗಳು. ಎರಡಕ್ಕೆ 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಮೂರನೆಯದಕ್ಕೆ ಮ್ಯಾನೇಜರು ಖುದ್ದಾಗಿ ಕರೆದರು.

"ಒಬ್ಬರಿಗೋಸ್ಕರ ಗೋಡೆ ಒಡೆಯೋಕಾಗುತ್ತಾ ಮೇಡಂ? ನೀವೇ ಹೇಳಿ. ನಿಮ್ಮನ್ನ ಇಲ್ಲಿ ಎಲ್ರೂ ಮನೆಮಗಳ ಥರ ನೋಡ್ಕೊಂಡಿದೀವಿ."

"ನಿಮ್ಮ ಮನೆಮಗಳು ಒಂದಕ್ಕೆ ಎಲ್ಲಿಗೆ ಹೋಗ್ತಾಳೆ ಸಾರ್?" ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. "ಸರಿ ಸಾರ್" ಎಂದು ಗಾಲಿ ತಿರುಗಿಸಿದೆ. ನಾನು ಹಾಗೇ ಬೆಳೆದವಳು. ಯಾರಿಗೂ ಭಾರವಾಗಬಾರದು ಎಂದು ಹೇಳಿಸಿಕೊಂಡು ಬೆಳೆದವಳು. ಒಂದಕ್ಕೆ ಎಂಬ ಮಾತನ್ನು ಗಂಡಸರೆದುರು ಬಾಯಿ ಬಿಟ್ಟು ಆಡಿದವಳೇ ಅಲ್ಲ. 'ಸ್ವಲ್ಪ ಹೊರಗೆ ಹೋಗ್ಬೇಕಿತ್ತು' ಎನ್ನುತ್ತಿದ್ದೆ. ಹೊರಗೆ ಹೋಗಲು ನನಗೆ ಇಬ್ಬರು ಆಳು ಬೇಕು.

ಒಡೆಯಲಾಗದ ಗೋಡೆ ನಾಲ್ಕು ತಿಂಗಳ ನಂತರ ಐದು ದಿನದಲ್ಲಿ ಒಡೆಯಿತು.

ಊರಿಗೆಲ್ಲ ನೀರು ಕೊಡುವ ಮಂಡಳಿಯಿಂದ ಒಂದು ಪತ್ರ ಬಂದಿತ್ತು. ಇನ್ನು ಮುಂದೆ 'ಎಲ್ಲರನ್ನೂ ಒಳಗೊಂಡ ಕಾರ್ಯಸ್ಥಳ' ಎಂಬ ಪ್ರಮಾಣಪತ್ರ ಇರುವ ಪ್ರಯೋಗಾಲಯಗಳಿಗೆ ಮಾತ್ರ ತಮ್ಮ ಮಾದರಿಗಳನ್ನು ಕಳಿಸುವುದಾಗಿ. ನಮ್ಮ ನಲವತ್ತು ಸೀಸೆಗಳಲ್ಲಿ ಮೂವತ್ತು ಮಂಡಳಿಯವೇ. ಮ್ಯಾನೇಜರು ನನ್ನ ಮೇಜಿನ ಹತ್ತಿರ ಮೊದಲ ಬಾರಿಗೆ ತಾವಾಗಿ ಬಂದು ಕುರ್ಚಿ ಎಳೆದು ಕೂತರು.

"ಮೇಡಂ, ನಿಮ್ಮ ಕನಸು ನನಸಾಯ್ತು."

ಮೊದಲ ಮಹಡಿಗೆ ಹತ್ತುವ ಮೆಟ್ಟಿಲ ಕೆಳಗೆ ಹಳೆಯ ಕಡತಗಳನ್ನು ತುಂಬಿದ್ದ ಕೋಣೆ ಇತ್ತು. ನನ್ನ ವಿಭಾಗದಿಂದ ಹನ್ನೊಂದು ಹೆಜ್ಜೆ. ಅಂದರೆ ಅವರ ಹನ್ನೊಂದು ಹೆಜ್ಜೆ. ಅದನ್ನು ಖಾಲಿ ಮಾಡಿದರು. ಬಿಳಿ ಹಂಚು ಹಾಕಿದರು. ಬಾಗಿಲಿಗೆ ನೀಲಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ ಬರೆಸಿದರು. ಚಿತ್ರದವನು ಖುಷಿಯಾಗಿದ್ದಂತೆ ಕಂಡ. ಹೊರಗಿನ ಏಳು ಮೆಟ್ಟಿಲ ಮೇಲೆ ಮೂರು ಮೀಟರಿನ ಕಬ್ಬಿಣದ ತಗಡು ಹಾಸಿ ಮೇಲೆ ಕೆಂಪು ಚಾಪೆ ಹೊದಿಸಿದರು. ಅಷ್ಟು ಎತ್ತರಕ್ಕೆ ಹದಿಮೂರು ಮೀಟರಿಗಿಂತ ಕಡಿಮೆ ಇಳಿಜಾರು ಹಾಕಿದರೆ ಅದು ದಾರಿಯಲ್ಲ, ಜಾರುಬಂಡೆ. ಕಾಗದದಲ್ಲಿ ಬರೆದು ಮ್ಯಾನೇಜರಿಗೆ ತೋರಿಸಿದೆ. "ನೋಡೋಕೆ ಚೆನ್ನಾಗಿದೆಯಲ್ಲಾ" ಎಂದರು. ಅದರ ಮೇಲೂ ನನ್ನನ್ನು ಇಬ್ಬರೇ ತಳ್ಳಿದರು. ಮೊದಲು ಎತ್ತುತ್ತಿದ್ದರು, ಈಗ ತಳ್ಳಿದರು, ಒದೆಯುವುದೊಂದು ಬಾಕಿ.

ನಾಲ್ಕನೆಯ ದಿನ ತರಬೇತಿ. ನಗುಮುಖದ ಒಬ್ಬ ತರಬೇತುದಾರ ಬಂದ. ಅಂಗವಿಕಲರ ಕಷ್ಟವನ್ನು ಎಲ್ಲರೂ ಸ್ವತಃ ಅನುಭವಿಸಬೇಕು ಎಂದ. ಅನುಭವಿಸಲು ಒಂದು ಗಾಲಿಕುರ್ಚಿ ಬೇಕಲ್ಲ? ಇದ್ದದ್ದು ಒಂದೇ. ನನ್ನನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಬೀಳದ ಹಾಗೆ ಗೋಡೆಗೆ ಒರಗಿಸಿ ಕೂರಿಸಿದರು. ಒಬ್ಬೊಬ್ಬರೂ ಎರಡೆರಡು ನಿಮಿಷ ನನ್ನ ಕುರ್ಚಿಯಲ್ಲಿ ಹೊರಸಾಲೆಯ ಉದ್ದಕ್ಕೂ ಓಡಿಸಿಕೊಂಡು ಹೋದರು, ಬಂದರು. ಸಾಮಾನು ಕೋಣೆಯ ಗುಮಾಸ್ತ ಗಿರಕಿ ಹೊಡೆದು ತೋರಿಸಿದ. ಮ್ಯಾನೇಜರು ಎರಡು ಸಲ ಕೂತರು.

"ಮಜಾ ಇದೆ ಕಣ್ರೀ ಇದು!"

"ಸಾರ್, ನಿಮ್ಗೂ ಒಂದು ತರಿಸೋಣ್ವಾ?" ಯಾರೋ ಕೂಗಿದರು. ಎಲ್ಲರೂ ನಕ್ಕರು.

ಐವತ್ತು ನಿಮಿಷ. ಸ್ಟೂಲಿಗೆ ಕೈ ಇರಲಿಲ್ಲ. ಎರಡು ಕೈಯಿಂದಲೂ ಅದರ ಅಂಚನ್ನು ಹಿಡಿದುಕೊಂಡು ಕೂತಿದ್ದೆ. ಬಿಟ್ಟರೆ ಬೀಳುತ್ತಿದ್ದೆ. ಕೊನೆಯಲ್ಲಿ ತರಬೇತುದಾರ ಎಲ್ಲರಿಂದ ಚಪ್ಪಾಳೆ ತಟ್ಟಿಸಿದ. ನಾನು ತಟ್ಟಲಿಲ್ಲ. ಕೈ ಬಿಡುವಿರಲಿಲ್ಲ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ, ಕಾವಲಿನವನಿಗೆ ಕಾಯುತ್ತಿದ್ದಾಗ, ಹೊಸ ಶೌಚಾಲಯದೊಳಗಿಂದ ಕೊಳಾಯಿ ಕೆಲಸದವನು ಕೈ ಒರೆಸಿಕೊಳ್ಳುತ್ತ ಬಂದ. ನಾನು ಒಳಗೆ ಇಣುಕಿದೆ. ಹೊಳೆಯುವ ಬಿಳಿ ಪೀಠ, ಗೋಡೆಗೆ ಹಿಡಿಕೆ. ನಾಲ್ಕು ವರ್ಷದ ನಂತರ ಅಂಥದೊಂದನ್ನು ಆ ಕಟ್ಟಡದಲ್ಲಿ ಮೊದಲ ಸಲ ನೋಡಿದೆ. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿತು.

"ಎಲ್ಲಾ ಮುಗೀತಾ?" ಎಂದೆ.

ಅವನು ನನ್ನನ್ನೂ ಕುರ್ಚಿಯನ್ನೂ ನೋಡಿದ. ಚೀಲವನ್ನು ಕೆಳಗಿಟ್ಟ.

"ಅಕ್ಕಾ, ಇದು ನಿಮಗೇನಾ?"

"ಹೂಂ."

"ನಾನು ಹೇಳಿದೆ ಅಂತ ಹೇಳ್ಬೇಡಿ. ಇದಕ್ಕೆ ಪೈಪಿಲ್ಲ. ಹಿಂದೆ ಗೋಡೆ ಇದೆ, ಗೋಡೆಗೆ ತೂತಿಲ್ಲ. ಪೈಪ್ ಹಾಯಿಸ್ಬೇಕಾದ್ರೆ ಸಾಹೇಬ್ರ ಕೋಣೆ ನೆಲ ಅಗೀಬೇಕು. ಕಲ್ಲು ಹಾಸಿದ ನೆಲ ಅದು, ಅಗೀಬೇಡ ಅಂದ್ರು. ನಂಗೆ ಹೇಳಿದ್ದು ಕೂರಿಸು ಅಂತ, ಜೋಡಿಸು ಅಂತಲ್ಲ."

"ಆ ಹಿಡಿಕೆ?"

"ಅಂಟು ಹಾಕಿದೀನಿ. ಭಾರ ಬಿಟ್ಟೀರಾ, ಕೈಗೇ ಬರತ್ತೆ." ಅವನು ತಲೆ ಕೆರೆದುಕೊಂಡ. "ಅದು ಕಕ್ಕಸಲ್ಲ ಅಕ್ಕಾ. ಕಕ್ಕಸಿನ ಫೋಟೋ."

ನಾಳೆ ಪ್ರಮಾಣಪತ್ರದ ತನಿಖೆ. ಬೆಳಿಗ್ಗೆ ಹನ್ನೊಂದಕ್ಕೆ. ಪ್ರಯೋಗಾಲಯದ ಅರ್ಜಿಯ ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು: 'ಸೌಲಭ್ಯಗಳನ್ನು ನಾನು ಬಳಸಿ ನೋಡಿದ್ದೇನೆ. ಬಳಕೆಗೆ ಯೋಗ್ಯವಾಗಿವೆ.' ಕೆಳಗೆ ನನ್ನ ಸಹಿ. ಮ್ಯಾನೇಜರು ಅದನ್ನು ಮಧ್ಯಾಹ್ನವೇ ಕೊಟ್ಟಿದ್ದರು. "ಮೊದ್ಲು ಪ್ರಮಾಣಪತ್ರ ಬರ್ಲಿ ಮೇಡಂ. ಏನು ಹೆಚ್ಚುಕಡಿಮೆ ಇದ್ರೂ ಆಮೇಲೆ ಸರಿ ಮಾಡ್ಸೋಣ. ನಿಮ್ಮ ಒಂದು ಸಹಿ ಮೇಲೆ ಅರವತ್ತು ಜನರ ಅನ್ನ ನಿಂತಿದೆ."

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಮೊದಲ ಸಲ ಎಲ್ಲವನ್ನೂ ಹೇಳಿದೆ. ಡಬ್ಬಿ, ಚೀಟಿ, ಸ್ಟೂಲು. ಅವಳು ಬಾಟಲಿಯ ನೀರನ್ನು ಗಿಡಕ್ಕೆ ಸುರಿಯುತ್ತ ನಿಂತಿದ್ದಳು. ಖಾಲಿಯಾದರೂ ಹಾಗೇ ಬಗ್ಗಿಸಿ ಹಿಡಿದಿದ್ದಳು.

"ಹಾಕ್ಬಿಡು ಸಹಿ" ಎಂದಳು. "ಈ ಕೆಲಸ ಹೋದ್ರೆ ಇನ್ನೊಂದು ಕಡೆ ನಿನ್ನ ಯಾರು ಎತ್ತಿ ಒಳಗಿಡ್ತಾರೆ?"

"ನೀನೂ ಹಿಂಗಂತೀಯಾ?"

"ನಾನು ಸತ್ತ ಮೇಲೆ ನಿಂಗೇನು ಗತಿ ಅಂತ ದಿನಾ ಯೋಚ್ನೆ ಮಾಡೋಳು ನಾನು. ನಾನು ಹಿಂಗೇ ಅನ್ನೋದು."

ಜಗಳವಾಡಲಿಲ್ಲ. ಅವಳಿಗೆ ಅರವತ್ತೆಂಟು. ನನ್ನನ್ನು ಹತ್ತನೆಯ ತರಗತಿಯವರೆಗೆ ಸೊಂಟದ ಮೇಲೆ ಹೊತ್ತುಕೊಂಡು ಶಾಲೆಗೆ ಹೋದವಳು. ಅವಳ ಸೊಂಟ ಈಗ ಎಡಕ್ಕೆ ವಾಲಿದೆ. ನನ್ನ ವಿದ್ಯೆಯ ತೂಕ ಎಷ್ಟು ಎಂದು ಆ ವಾಲಿನಲ್ಲಿ ಅಳೆಯಬಹುದು.

ಇಲ್ಲಿ ನಮ್ಮ ಪ್ರಯೋಗಾಲಯದ ಒಂದು ಪದ್ಧತಿಯನ್ನು ಹೇಳಬೇಕು. ತಿಂಗಳಿಗೊಮ್ಮೆ ಮ್ಯಾನೇಜರು ನಲವತ್ತು ಸೀಸೆಗಳ ನಡುವೆ ಗುಟ್ಟಾಗಿ ಒಂದು ಸೀಸೆ ಸೇರಿಸುತ್ತಾರೆ. ಅದರಲ್ಲಿ ಏನಿದೆ ಎಂದು ಅವರಿಗೆ ಮಾತ್ರ ಗೊತ್ತು. ಉಳಿದವುಗಳ ಹಾಗೇ ಕಾಣುತ್ತದೆ, ಅದಕ್ಕೂ ಸಂಖ್ಯೆ ಇರುತ್ತದೆ. ಪರೀಕ್ಷೆ ಮಾಡದೆ ಅಂದಾಜಿನಲ್ಲಿ ಬರೆದವನು ಅದರಲ್ಲಿ ಸಿಕ್ಕಿಬೀಳುತ್ತಾನೆ. ಅದಕ್ಕೆ ನಾವು ಕಳ್ಳ ಸೀಸೆ ಅನ್ನುತ್ತೇವೆ. ನನಗಿಂತ ಮೊದಲು ಇದ್ದ ರಸಾಯನಜ್ಞ ಹಾಗೆ ಸಿಕ್ಕಿಬಿದ್ದೇ ಕೆಲಸ ಕಳೆದುಕೊಂಡದ್ದು. ಆಮೇಲೆ ಮ್ಯಾನೇಜರು ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸಿದರು: 'ಪರೀಕ್ಷಿಸದೆ ಸಹಿ ಹಾಕಬೇಡಿ.' ನನ್ನ ಮೇಜಿನ ಎದುರಿಗೇ ಇದೆ. ನಾಲ್ಕು ವರ್ಷದಲ್ಲಿ ನಲವತ್ತೆಂಟು ಕಳ್ಳ ಸೀಸೆ ಬಂದು ಹೋಗಿವೆ. ಒಂದರಲ್ಲೂ ನಾನು ತಪ್ಪಿಲ್ಲ.

ತನಿಖೆಯ ದಿನ ಬೆಳಿಗ್ಗೆ ಒಂಬತ್ತೂ ಕಾಲಿಗೆ ಮೇಜಿನ ಮುಂದೆ ಕೂತೆ. ಚೀಲದಿಂದ ಅಮ್ಮನ ಬಾಟಲಿ ತೆಗೆದೆ. ಮುಚ್ಚಳ ತಿರುಗಿಸಿದೆ. ಕುಡಿದೆ.

ಇನ್ನೂರೈವತ್ತು ಮಿಲಿ. ಒಂಬತ್ತೂವರೆಗೆ ಇನ್ನೂರೈವತ್ತು. ಹತ್ತಕ್ಕೆ ಬಾಟಲಿ ಖಾಲಿ. ಚಿಕ್ಕಮ್ಮನಿಗೆ ಕೊಟ್ಟು ತುಂಬಿಸಿಕೊಂಡು ಬರಲು ಹೇಳಿದೆ.

ಅವಳು ಬಾಟಲಿ ನೋಡಿದಳು, ನನ್ನ ಮುಖ ನೋಡಿದಳು. "ಏನು ಮಾಡ್ತಿದೀಯಾ ತಾಯಿ? ಆಮೇಲೆ?"

"ಆಮೇಲೆ ಹೋಗ್ತೀನಿ. ಹೊಸದು ಕಟ್ಟಿಸಿದಾರಲ್ಲ."

ಪೈಪಿನ ಸಂಗತಿ ಅವಳಿಗೂ ಗೊತ್ತಿತ್ತು. ನೆಲ ಒರೆಸುವವರಿಗೆ ಗೊತ್ತಿಲ್ಲದ್ದು ಯಾವ ಕಟ್ಟಡದಲ್ಲೂ ಇರುವುದಿಲ್ಲ. ಆದರೂ ತುಂಬಿಸಿ ತಂದಳು.

ಹತ್ತೂವರೆಗೆ ಹೊಟ್ಟೆಯ ಕೆಳಗೆ ಕಲ್ಲಿಟ್ಟ ಹಾಗಾಯಿತು. ಕೆಲಸ ನಿಲ್ಲಿಸಲಿಲ್ಲ. ನೀರಿಗೆ ಬಣ್ಣದ ಪುಡಿ ಹಾಕಿ, ಮೇಲಿನ ಗಾಜಿನ ಕೊಳವೆಯಿಂದ ದ್ರಾವಣವನ್ನು ಹನಿ ಹನಿಯಾಗಿ ಬಿಡಬೇಕು. ಕೆಂಪು ಇದ್ದದ್ದು ನೀಲಿಗೆ ತಿರುಗುವ ಹನಿಯಲ್ಲಿ ನಿಲ್ಲಿಸಬೇಕು. ಒಂದು ಹನಿ ಹೆಚ್ಚಾದರೆ ಲೆಕ್ಕ ಕೆಟ್ಟಿತು. ಕೊಳವೆಯ ಸೊನ್ನೆಯ ಗೆರೆ ನನ್ನ ತಲೆಗಿಂತ ಮೇಲಿದೆ. ಓದಲು ಎರಡು ಕೈಯೂರಿ ಮೈ ಎತ್ತಬೇಕು. ದಿನಕ್ಕೆ ನಲವತ್ತು ಸಲ ಎತ್ತುತ್ತೇನೆ. ಅವತ್ತು ಎತ್ತಿದಾಗಲೆಲ್ಲ ಹಲ್ಲು ಕಚ್ಚಿದೆ.

ಹನ್ನೊಂದಕ್ಕೆ ಬಂದರು. ಕುತ್ತಿಗೆಗೆ ಕನ್ನಡಕ ನೇತುಹಾಕಿಕೊಂಡಿದ್ದ ತನಿಖಾಧಿಕಾರಿ ಹೆಂಗಸು, ಕ್ಯಾಮೆರಾ ಹಿಡಿದ ಸಹಾಯಕ. ತಗಡಿನ ಜಾರುಬಂಡೆ ನೋಡಿದರು. "ಸ್ವಲ್ಪ ಕಡಿದಾಯ್ತೇನೋ" ಎಂದು ಬರೆದುಕೊಂಡರು. ಶೌಚಾಲಯದ ಬಾಗಿಲ ಮುಂದೆ ಎಲ್ಲರೂ ಸೇರಿದರು. ಸಹಾಯಕ ಫೋಟೋ ತೆಗೆದ. ಮ್ಯಾನೇಜರು ನನ್ನ ಕುರ್ಚಿಯ ಹಿಂದೆ ನಿಂತು ಅದರ ಹಿಡಿಕೆಯ ಮೇಲೆ ಕೈಯಿಟ್ಟಿದ್ದರು, ತಮ್ಮದೇ ಎಂಬ ಹಾಗೆ.

"ನಮ್ಮ ಹೆಮ್ಮೆ ಇವರು" ಎಂದರು. "ಇವರೇ ಹೇಳ್ತಾರೆ ಕೇಳಿ."

ಅಧಿಕಾರಿ ಕೊನೆಯ ಪುಟ ತೆರೆದು ಪೆನ್ನು ಚಾಚಿದರು. "ಬಳಸಿ ನೋಡಿದೀರಲ್ಲಮ್ಮ? ಇಲ್ಲೊಂದು ಸಹಿ."

"ಇನ್ನೂ ಇಲ್ಲ ಮೇಡಂ. ಈಗ ಬಳಸ್ತೀನಿ."

"ಈಗ್ಯಾಕೆ? ಆಮೇಲೆ ನಿಧಾನಕ್ಕೆ..." ಮ್ಯಾನೇಜರು ನಕ್ಕರು.

"ಪರೀಕ್ಷಿಸದೆ ಸಹಿ ಹಾಕಬೇಡಿ ಅಂತ ನೀವೇ ಗೋಡೆ ಮೇಲೆ ಬರೆಸಿದೀರಲ್ಲ ಸಾರ್."

ಕುರ್ಚಿಯ ಹಿಡಿಕೆಯನ್ನು ಅವರು ಗಟ್ಟಿಯಾಗಿ ಹಿಡಿದರು. ಗಾಲಿ ತಿರುಗಲಿಲ್ಲ. ಕಿವಿಯ ಹತ್ತಿರ ಬಗ್ಗಿ "ಬೇಡ ಮೇಡಂ" ಎಂದರು. ನಾನು ತಿರುಗಿ ಅವರ ಕೈಯನ್ನೇ ನೋಡಿದೆ. ಎಲ್ಲರೂ ಅದನ್ನೇ ನೋಡಿದರು. ಕೈ ತೆಗೆದರು.

ಒಳಗೆ ಹೋದೆ. ಕುರ್ಚಿ ಒಳಗಿದ್ದರೆ ಬಾಗಿಲು ಮುಚ್ಚುವುದಿಲ್ಲ. ಕೋಣೆಯ ಉದ್ದ ಹದಿನೆಂಟು ಸೆಂಟಿಮೀಟರ್ ಕಡಿಮೆ. ಬಾಗಿಲು ತೆರೆದೇ ಇತ್ತು, ಆಚೆ ಹತ್ತು ಜನ. ಎರಡು ವರ್ಷದ ಹಿಂದೆ ಒಬ್ಬ ನೋಡಿದ್ದಕ್ಕೆ ನಾನು ನೀರು ಬಿಟ್ಟವಳು. ಮುಖಕ್ಕೆ ರಕ್ತ ನುಗ್ಗಿತು. ಅಷ್ಟರಲ್ಲಿ ಚಿಕ್ಕಮ್ಮ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬಂದಳು. ಗೂಟದಲ್ಲಿದ್ದ ನನ್ನ ಬಿಳಿ ಕೋಟನ್ನು ಎರಡು ಕೈಯಲ್ಲಿ ಅಗಲಿಸಿ ಬಾಗಿಲಿಗೆ ಅಡ್ಡ ಹಿಡಿದಳು.

"ಹಿಂದಕ್ಕೆ ಹೋಗ್ರೀ ಎಲ್ಲಾ. ಏನು ಜಾತ್ರೆಯಾ ಇದು?"

ಕೈಯೂರಿ ಪೀಠಕ್ಕೆ ಜರುಗಿದೆ. ಹಿಡಿಕೆ ಮುಟ್ಟಲಿಲ್ಲ. ನಾಲ್ಕು ವರ್ಷದ ನಂತರ, ಆ ಕಟ್ಟಡದಲ್ಲಿ, ಕೂರಬೇಕಾದ ಹಾಗೆ ಕೂತು, ಅವಸರವಿಲ್ಲದೆ, ಸದ್ದಿಗೆ ಹೆದರದೆ ಒಂದಕ್ಕೆ ಹೋದೆ. ಪಕ್ಕದಲ್ಲಿ ತೋರಿಕೆಗೆ ಇಟ್ಟಿದ್ದ ಬಕೆಟ್ಟಿನಲ್ಲಿ ನೀರಿತ್ತು. ಒಂದು ಮಗ್ಗು ಸುರಿದೆ. ಎರಡು, ಮೂರು. ಚೆನ್ನಾಗಿ ತೊಳೆಯಬೇಕು ಎಂದು ಅಮ್ಮ ಕಲಿಸಿದ್ದಾಳೆ.

ಪೀಠದ ಹಿಂದೆ ಗೋಡೆಯ ಬುಡದಿಂದ ಅದು ಹೊರಬಂತು. ಮೊದಲು ತೆಳ್ಳಗೆ, ಆಮೇಲೆ ಧಾರಾಳವಾಗಿ. ನೆಲದ ಇಳಿಜಾರನ್ನು ಬಾಗಿಲ ಕಡೆಗೇ ಕೊಟ್ಟಿದ್ದರು. ಕೋಟಿನ ಕೆಳಗೆ, ಚಿಕ್ಕಮ್ಮನ ಬರಿಗಾಲನ್ನು ಬಳಸಿ, ಹೊರಸಾಲೆಗೆ ಹರಿಯಿತು. ಶೂಗಳು ಹಿಂದೆ ಸರಿದ ಸದ್ದು ಕೇಳಿಸಿತು.

"ಏನಿದು?" ಅಧಿಕಾರಿಯ ದನಿ.

"ನೀರು ಮೇಡಂ" ಎಂದಳು ಚಿಕ್ಕಮ್ಮ. "ನೀರು ಅಷ್ಟೆ ಅಲ್ಲ."

ಬಟ್ಟೆ ಸರಿಮಾಡಿಕೊಂಡು ಕುರ್ಚಿಗೆ ಬಂದೆ. ಹೊರಗೆ ಬಂದಾಗ ಗಾಲಿಗಳು ಹೊರಸಾಲೆಯ ಉದ್ದಕ್ಕೂ ಎರಡು ಒದ್ದೆ ಗೆರೆ ಎಳೆದವು. ಮ್ಯಾನೇಜರು ಒಂದು ಕಾಲೆತ್ತಿ ಶೂ ನೋಡಿಕೊಳ್ಳುತ್ತಿದ್ದರು. ಅವರು ಸೇರಿಸಿದ ನಲವತ್ತೆಂಟು ಕಳ್ಳ ಸೀಸೆಗಳನ್ನು ನಾನು ಸರಿಯಾಗಿ ಓದಿದ್ದೆ. ನಾನು ಇಟ್ಟದ್ದು ಒಂದೇ. ಅದು ನಾನೇ.

ಅರ್ಜಿಯ ಸಾಲಿನಲ್ಲಿ 'ಯೋಗ್ಯವಾಗಿವೆ' ಎಂಬುದನ್ನು ಹೊಡೆದು ಹಾಕಿ, ದಿನಾ ಬರೆಯುವ ಅಕ್ಷರದಲ್ಲೇ ಬರೆದೆ: 'ಯೋಗ್ಯವಲ್ಲ.' ವೇಳೆ ಬರೆದೆ. ಸಹಿ ಹಾಕಿದೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಪ್ರಮಾಣಪತ್ರ ಬಂತು. ಮೂರು ದಿನಕ್ಕೇ ಬಂತು. ತನಿಖಾ ವರದಿಯ ಪ್ರತಿಯನ್ನು ಚಿಕ್ಕಮ್ಮ ಕಸದ ಬುಟ್ಟಿಯಿಂದ ತಂದುಕೊಟ್ಟಳು. 'ಶೌಚಾಲಯ ಇದೆಯೇ? ಇದೆ. ಸಣ್ಣ ಲೋಪ, ತೊಂಬತ್ತು ದಿನದೊಳಗೆ ಸರಿಪಡಿಸತಕ್ಕದ್ದು. ಇಳಿಜಾರು ಇದೆಯೇ? ಇದೆ. ಬಳಕೆದಾರರ ಸಹಿ ಇದೆಯೇ?'

ಇದೆ, ಎಂದು ಗುರುತು ಹಾಕಿದ್ದರು. ಸಹಿಯ ಮೇಲೆ ಏನು ಬರೆದಿದೆ ಎಂದು ಕೇಳುವ ಕಾಲಮ್ಮು ಆ ನಮೂನೆಯಲ್ಲಿ ಇರಲಿಲ್ಲ.

ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ಬಾಗಿಲ ಎದುರಿಗೆ ತೂಗುಹಾಕಿದರು. ಶೌಚಾಲಯಕ್ಕೆ ಬೀಗ ಬಿತ್ತು. ತಗಡು ಬಾಡಿಗೆಯದು, ವಾಪಸು ಹೋಯಿತು. ನನಗೆ ಒಂದು ಪತ್ರ ಬಂತು: 'ತಮ್ಮ ಆರೋಗ್ಯ ಮತ್ತು ಅನುಕೂಲದ ದೃಷ್ಟಿಯಿಂದ, ದುರಸ್ತಿ ಮುಗಿಯುವವರೆಗೆ ತಾವು ಮನೆಯಲ್ಲೇ ವಿಶ್ರಾಂತಿ ಪಡೆಯುವುದು.' ಸಂಬಳ ಇಲ್ಲ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿ.

ಅಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಬೆಳಿಗ್ಗೆ ನೋಡಿದರೆ ಚೀಲದಲ್ಲಿ ಎರಡು ಬಾಟಲಿ ಇದ್ದವು.

ಒಂಬತ್ತಕ್ಕೆ ಮೆಟ್ಟಿಲ ಬುಡದಲ್ಲಿದ್ದೆ. ಕಾವಲಿನವನು ಇಳಿದು ಬಂದ. ಕೈ ಹಿಸುಕಿಕೊಳ್ಳುತ್ತಿದ್ದ.

"ಎತ್ತಬೇಡ ಅಂದಿದಾರೆ ಅಕ್ಕಾ. ನಾನೇನು ಮಾಡ್ಲಿ, ನೀವೇ ಹೇಳಿ."

"ಎತ್ತಬೇಡ" ಎಂದೆ. "ನಾನೂ ಇನ್ನು ಎತ್ತಿಸ್ಕೊಳ್ಳಲ್ಲ."

ಅಲ್ಲೇ ಕೂತೆ. ಮೊದಲ ಮೆಟ್ಟಿಲಿಗೆ ಗಾಲಿ ತಾಗಿಸಿಕೊಂಡು, ಹತ್ತುವವರೆಲ್ಲ ನನ್ನನ್ನು ಸುತ್ತಿಕೊಂಡು ಹೋಗುವ ಹಾಗೆ. ಗಂಟೆಗೊಮ್ಮೆ ನೀರು ಕುಡಿದೆ. ನೋಟುಪುಸ್ತಕದಲ್ಲಿ ವೇಳೆ, ಮಿಲಿ ಬರೆದಿಟ್ಟೆ. ರಸ್ತೆಯ ಆಚೆ ಟೈರಿಗೆ ತೇಪೆ ಹಾಕುವವನ ಅಂಗಡಿ. ಅದರ ಹಿಂದೆ ಅವನದೊಂದು ಕಕ್ಕಸು. ಬಾಗಿಲಿಗೆ ಗೋಣಿಚೀಲ, ಗೋಡೆಗೆ ಪಾಚಿ, ಆದರೆ ನೆಲ ರಸ್ತೆಯ ಮಟ್ಟಕ್ಕೇ ಇದೆ. ನಾಲ್ಕು ವರ್ಷ ಅದು ಅಲ್ಲೇ ಇತ್ತು. ನನಗೂ ಅದಕ್ಕೂ ನಡುವೆ ಏಳು ಮೆಟ್ಟಿಲಿತ್ತು.

"ನಮ್ದು ಗಲೀಜು ಅಕ್ಕಾ" ಎಂದ ಅವನು.

"ಪೈಪಿದೆಯಾ?"

"ಪೈಪಿಲ್ದೆ ಇರತ್ತಾ?" ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಮೂರು ದಿನ ಹೀಗೆ ಕೂತೆ. ಸೀಸೆಗಳು ಬರುತ್ತಲೇ ಇದ್ದವು. ಡ್ರೈವರು ಪೆಟ್ಟಿಗೆ ಹೊತ್ತು ನನ್ನ ಪಕ್ಕದಲ್ಲೇ ಹತ್ತುತ್ತಿದ್ದ, ಮುಖ ನೋಡುತ್ತಿರಲಿಲ್ಲ. ನೂರಿಪ್ಪತ್ತು ಸೀಸೆ ಮೇಲೆ ಸಾಲಾಗಿ ನಿಂತಿದ್ದವು. ಮೂರನೆಯ ಮಧ್ಯಾಹ್ನ ಮ್ಯಾನೇಜರು ಕೆಳಗೆ ಇಳಿದು ಬಂದರು. ಕೈಯಲ್ಲಿ ವರದಿಗಳ ದಪ್ಪ ಕಡತ. ಮೇಲೆ ಯಾರೋ ಪರೀಕ್ಷಿಸಿದಂತೆ ಮಾಡಿ ಅಂಕಿ ತುಂಬಿಸಿದ್ದರು. ಸಹಿಯ ಜಾಗ ಮಾತ್ರ ಖಾಲಿ.

"ಮಂಡಳಿಯಿಂದ ಫೋನ್ ಮೇಲೆ ಫೋನ್ ಮೇಡಂ. ಆದದ್ದು ಆಯ್ತು. ಇದೊಂದಿಷ್ಟು ಸಹಿ ಹಾಕ್ಕೊಡಿ, ನಿಮ್ಮ ವಿಚಾರ ಆಮೇಲೆ ಕೂತು ಮಾತಾಡೋಣ."

"ಇವುಗಳನ್ನ ನಾನು ನೋಡಿಲ್ಲ ಸಾರ್."

"ನೋಡೋಕೇನಿದೆ ಅದ್ರಲ್ಲಿ? ನೀರು ತಾನೆ?"

ಚಿಕ್ಕಮ್ಮ ಇಳಿದು ಬಂದು, ನನ್ನ ತೊಡೆಯ ಮೇಲಿನ ಖಾಲಿ ಬಾಟಲಿ ತೆಗೆದುಕೊಂಡು ತುಂಬಿದ್ದನ್ನು ಇಟ್ಟಳು.

"ನಿಂಗೆ ಇದನ್ನ ಮಾಡು ಅಂತ ಯಾರು ಹೇಳಿದ್ರು?" ಮ್ಯಾನೇಜರು ಗದರಿದರು.

"ನೀರು ಕೊಟ್ಟೆ ಸಾರ್. ಕೊಡಬಾರದು ಅಂತ ಗೋಡೆ ಮೇಲೆ ಬರೆಸಿಲ್ವಲ್ಲ." ಹಿಂದಿರುಗಿ ನೋಡದೆ ಮೆಟ್ಟಿಲು ಹತ್ತಿದಳು. ನಾಳೆ ಅವಳ ಕೆಲಸವೂ ಇರುತ್ತದೋ ಇಲ್ಲವೋ.

ಮ್ಯಾನೇಜರು ಕಡತವನ್ನು ನನ್ನ ಮುಂದೆ ಹಿಡಿದುಕೊಂಡೇ ನಿಂತಿದ್ದರು. ಪೆನ್ನಿನ ಮುಚ್ಚಳ ತೆಗೆದಿದ್ದರು. ಬಿಸಿಲು ನೇರ ಅವರ ತಲೆಯ ಮೇಲಿತ್ತು. ನಾನು ಮುಚ್ಚಳ ತಿರುಗಿಸಿ ಬಾಟಲಿಯಲ್ಲಿ ಅರ್ಧದಷ್ಟನ್ನು ಕುಡಿದೆ. ಬಾಯಿ ಒರೆಸಿಕೊಂಡೆ.

"ನಂಗೆ ಒಂದಕ್ಕೆ ಹೋಗ್ಬೇಕು ಸಾರ್" ಎಂದೆ. ಮೆಲ್ಲಗೆ ಹೇಳಲಿಲ್ಲ. ಮೇಲಿನ ಕಿಟಕಿಗಳಿಗೆ ಕೇಳುವ ಹಾಗೆ, ಬಸ್ಸಿಗೆ ಕಾದು ನಿಂತವರಿಗೆ ಕೇಳುವ ಹಾಗೆ ಹೇಳಿದೆ. "ಹೋಗ್ಬಂದು ಮಾತಾಡ್ತೀನಿ. ಇಲ್ಲೇ ಇರಿ."

ಗಾಲಿ ತಿರುಗಿಸಿದೆ. ರಸ್ತೆ ದಾಟಿದೆ. ಗೋಣಿಚೀಲ ಸರಿಸಿ ಒಳಗೆ ಹೋಗುವ ಮೊದಲು ಒಮ್ಮೆ ತಿರುಗಿ ನೋಡಿದೆ. ಅವರು ತೆರೆದ ಪೆನ್ನು ಹಿಡಿದು ಮೆಟ್ಟಿಲ ಬುಡದಲ್ಲಿ, ಬಿಸಿಲಲ್ಲಿ ನಿಂತಿದ್ದರು.

ನಾನು ಅವಸರ ಮಾಡಲಿಲ್ಲ.